ಗುಂಗುರು ಕೂದಲಿಗೆ ಒಂದಿಂಚು ಎಂದರೆ ಎಷ್ಟು

ಅಂಗಡಿ ಮುಚ್ಚಿ ಎಂಟು ತಿಂಗಳಾಯಿತು. ಇಡೀ ದಿನ ನಿಲ್ಲುವ ಕೆಲಸ ಇನ್ನು ಸಾಕು ಎಂದು ಮಂಡಿ ನೋಡಿದ ಡಾಕ್ಟರು ಹೇಳಿದರು. ನಾನು ಒಪ್ಪಿದೆ, ನನ್ನ ಕೈ ಒಪ್ಪಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಮುಂದಿನ ಸೀಟಿನವಳ ಕೂದಲು ಎಡಗಡೆ ಅರ್ಧ ಇಂಚು ಉದ್ದ ಇಳಿದಿದ್ದರೆ ಇಳಿಯುವ ತನಕ ನನಗೆ ಸಮಾಧಾನವಿರುವುದಿಲ್ಲ. ಮೊನ್ನೆ ಒಬ್ಬಳಿಗೆ ಹೇಳಿಯೇಬಿಟ್ಟೆ. ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಇಪ್ಪತ್ತಾರು ವರ್ಷ ಬ್ಯೂಟಿ ಪಾರ್ಲರ್ ನಡೆಸಿದವಳು ನಾನು. ಹೊಸದಾಗಿ ಕೋರ್ಸು ಮುಗಿಸಿದ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. ಯಾವ ಡ್ರೈಯರ್ ಒಳ್ಳೆಯದು ಸರೋಜಕ್ಕ, ಬೋರ್ಡಿಗೆ ಯಾವ ಬಣ್ಣ ಹಾಕಿಸಲಿ ಸರೋಜಕ್ಕ. ಎಲ್ಲಕ್ಕೂ ಉತ್ತರ ಕೊಡುತ್ತೇನೆ, ಕೇಳದಿದ್ದಕ್ಕೂ ಕೊಡುತ್ತೇನೆ. ಆದರೆ ಗುಂಗುರು ಕೂದಲಿನವಳು ಬಂದು ಕುರ್ಚಿಯಲ್ಲಿ ಕುಳಿತರೆ ಏನು ಮಾಡಬೇಕು ಎಂದು ಇವತ್ತಿನವರೆಗೆ ಒಬ್ಬಳೂ ಕೇಳಿಲ್ಲ. ನಾನೂ ಕೇಳಿರಲಿಲ್ಲ. ಕೇಳದೆ ಕತ್ತರಿ ಹಿಡಿದದ್ದರಿಂದ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ಮುಂದೆ ಕತ್ತರಿ ಹಿಡಿಯುವವರು ಓದಿಕೊಳ್ಳಲಿ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿ ಮೇಲಿದ್ದ ಪಾರ್ಲರಿನಲ್ಲಿ. ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದರು. ಒಂದು ತಿಂಗಳು ಕೆಲಸ ಇದ್ದರೆ ಇನ್ನೊಂದು ತಿಂಗಳು ಇಲ್ಲ. ನಾನು ದುಡಿಯುತ್ತೇನೆ ಎಂದಾಗ ಅತ್ತೆ ಸಂತೋಷಪಟ್ಟರು. ಕೂದಲು ಕತ್ತರಿಸುವ ಕೆಲಸ ಎಂದಾಗ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಊಟ ಮಾಡಿದರು, ನಾನು ಮೊದಲ ಬಸ್ಸು ಹತ್ತಿದೆ.

ಪಾರ್ಲರಿನ ಯಜಮಾನಿಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಕೆಲಸದಲ್ಲಿ ಗಟ್ಟಿ ಹೆಂಗಸು. ಕೂದಲಿಗೆ ನೀರು ಚಿಮುಕಿಸು, ನೇರ ಬಾಚು, ಎರಡು ಬೆರಳಿನ ನಡುವೆ ಬಿಗಿ ಹಿಡಿ, ಅಡ್ಡ ಕತ್ತರಿಸು. ಕೆಳಗಿನ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದ ಹಾಗೆ ಮೇಲೆ ನಾವು ಕೂದಲು ಅಳೆಯುತ್ತಿದ್ದೆವು. ನೆಟ್ಟಗಿನ ಕೂದಲಿಗೆ ಆ ಪಾಠ ಸರಿಯೇ. ಗುಂಗುರು ಕೂದಲಿನವರು ಬಂದರೆ ಮಾತ್ರ ಮೇಡಂ ಹತ್ತಿರ ಬೇರೆಯದೇ ಪಾಠವಿತ್ತು. ಗಿರಾಕಿ ಕುಳಿತ ಕೂಡಲೇ ಕೂದಲಿಗೆ ಕೈ ಹಾಕಿ ಒಂದು ಸಲ ದೊಡ್ಡದಾಗಿ "ಉಸ್ಸ್" ಎನ್ನಬೇಕು.

"ಯಾಕೆ ಮೇಡಂ?" ಎಂದು ಕೇಳಿದ್ದೆ.

"ತನ್ನ ಕೂದಲೇ ಸರಿ ಇಲ್ಲ ಅಂತ ಅವಳಿಗೆ ಮೊದಲೇ ಅನ್ನಿಸಿಬಿಡಬೇಕು ಸರೋಜ. ಆಮೇಲೆ ಕೆಲಸ ಕೆಟ್ಟರೂ ಕೂದಲನ್ನ ಬೈಕೋತಾಳೆ, ನಮ್ಮನ್ನ ಬೈಯಲ್ಲ."

ನನಗೆ ಆ ಬುದ್ಧಿವಂತಿಕೆ ಬಹಳ ಹಿಡಿಸಿತು. ವ್ಯಾಪಾರದ ಗುಟ್ಟು ಸಿಕ್ಕಿತು ಎಂದುಕೊಂಡೆ. ಉಸ್ಸ್ ಎನ್ನುವುದರಲ್ಲಿ ಸ್ವಲ್ಪ ದಿನದಲ್ಲೇ ಮೇಡಂ ಅವರನ್ನೇ ಮೀರಿಸಿದೆ.

ಒಂದು ದಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದರು. ಕೂತವರೇ ಕೈ ಮುಗಿದರು. "ನೋಡಮ್ಮಾ, ಭದ್ರಾವತಿಯಲ್ಲಿ ಎರಡು ಕಡೆ, ಇಲ್ಲಿ ಮೂರು ಕಡೆ ಆಗಿದೆ. ಒಬ್ಬಳು ಬಾಚಣಿಗೆ ಮುರಿದು ನನ್ನ ಮುಖ ನೋಡಿದಳು. ಒಬ್ಬಳು ಪೊದೆ ಅಂದಳು. ಒಬ್ಬಳು ತೆಳ್ಳಗೆ ಮಾಡ್ತೀನಿ ಅಂತ ಹಲ್ಲಿನ ಕತ್ತರಿ ಹಾಕಿ ಒಳಗೆಲ್ಲ ಮೊಳಕೆ ಬಂದ ಹಾಗೆ ಮಾಡಿದಳು. ನೀನು ಏನೂ ಚಂದ ಮಾಡಬೇಡ, ತುದಿ ಒಂದಿಂಚು ತೆಗಿ, ಸಾಕು." ನಾನು ಉಸ್ಸ್ ಎಂದೆ. ನೀರು ಚಿಮುಕಿಸಿದೆ, ಎಳೆದೆ, ಕತ್ತರಿಸಿದೆ, ಡ್ರೈಯರಿನಿಂದ ಬಾಚಿ ಬಾಚಿ ರೇಷ್ಮೆಯಂತೆ ನೇರ ಮಾಡಿ ಕಳುಹಿಸಿದೆ. ಕನ್ನಡಿಯಲ್ಲಿ ನೋಡಿಕೊಂಡು ನಕ್ಕು ಹೋದರು. ಮಾರನೆಯ ದಿನ ತಲೆ ತುಂಬ ದುಪಟ್ಟಾ ಸುತ್ತಿಕೊಂಡು ಮಹಡಿ ಹತ್ತಿ ಬಂದರು.

"ನಿನ್ನೆ ನೀನು ಕಳಿಸಿದ್ದು ಯಾರನ್ನೋ. ಬೆಳಗ್ಗೆ ಸ್ನಾನ ಮಾಡಿ ಎದ್ದು ಬಂದವಳು ನೋಡು, ಇವಳು."

ದುಪಟ್ಟಾ ತೆಗೆದರು. ಅಣಬೆ. ಬೇರೆ ಮಾತು ನನಗೆ ಹೊಳೆಯುವುದಿಲ್ಲ. ಮೇಡಂ ಒಳಗಿನಿಂದ ಬಂದು, "ನಿಮ್ಮ ಕೂದಲೇ ಹಾಗಲ್ವಾ, ಸ್ಟ್ರೈಟನಿಂಗ್ ಮಾಡಿಸಿಬಿಡಿ" ಎಂದರು. ಆಕೆ ಬೈಯಲಿಲ್ಲ. ಮೆಟ್ಟಿಲಿಳಿಯುವಾಗ ದುಪಟ್ಟಾವನ್ನು ಮತ್ತೆ ಸುತ್ತಿಕೊಂಡರು. ಮೇಡಂ ಹೇಳಿದಂತೆಯೇ ಆಯಿತಲ್ಲ ಎಂದು ನಾನು ಬೆರಗಾದೆ. ಆಕೆ ಮತ್ತೆ ಯಾವತ್ತೂ ಬರಲಿಲ್ಲ ಎಂಬುದು ಮಾತ್ರ ಆಗ ನನ್ನ ತಲೆಗೆ ಹೊಳೆಯಲಿಲ್ಲ. ಬೈದು ಹೋದ ಗಿರಾಕಿ ವಾಪಸ್ ಬರುತ್ತಾಳೆ. ಬೈಯದೆ ಹೋದವಳ ಬಗ್ಗೆ ಚಿಂತೆ ಮಾಡಿ.

ನಾಲ್ಕು ವರ್ಷ ಕಲಿತು ನ್ಯೂ ಟೌನ್‌ನಲ್ಲಿ ಸ್ವಂತ ಅಂಗಡಿ ಹಾಕಿದೆ. ಹತ್ತಡಿ ಅಗಲದ ಕೋಣೆ, ಎರಡು ಕನ್ನಡಿ. ಕುರ್ಚಿ ಇರಲಿಲ್ಲ. ಹೊಳೆಹೊನ್ನೂರಿನಲ್ಲಿ ವಯಸ್ಸಾದ ಕ್ಷೌರಿಕರೊಬ್ಬರು ಅಂಗಡಿ ಮುಚ್ಚುತ್ತಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದೆ. ಅವರದು ಕಬ್ಬಿಣದ ತಿರುಗುವ ಕುರ್ಚಿ, ತಲೆ ಆನಿಸಲು ಹಿಂದೆ ಹಲಗೆ. ಅರ್ಧ ದಿನ ಚೌಕಾಸಿ ಮಾಡಿದೆ. ನನ್ನ ಜಾಯಮಾನವೇ ಅದು. ತರಕಾರಿಯವಳ ಹತ್ತಿರ ಕರಿಬೇವು ಕೇಳದೆ ನಾನು ಚೀಲದ ಬಾಯಿ ಕಟ್ಟಿದವಳಲ್ಲ. ಕೊನೆಗೆ ಮಾತು ಮುಗಿದು ಕುರ್ಚಿ ಗಾಡಿಗೆ ಏರಿದ ಮೇಲೂ ನಾನು ಅಲ್ಲೇ ನಿಂತಿದ್ದೆ.

"ಇನ್ನೇನಮ್ಮ?" ಎಂದರು.

"ಕೊಸರು ಕೊಡಲ್ವಾ ಯಜಮಾನ್ರೇ? ಇಷ್ಟು ದೊಡ್ಡ ವ್ಯಾಪಾರ ಮಾಡಿದೀನಿ."

ಮುದುಕ ಸುತ್ತಮುತ್ತ ನೋಡಿದರು. ಕೊಡಲು ಅಂಗಡಿಯಲ್ಲಿ ಏನೂ ಉಳಿದಿರಲಿಲ್ಲ. "ಒಂದು ಮಾತು ಕೊಡ್ತೀನಿ, ತಗೊಂಡು ಹೋಗು. ಸುರುಳಿ ಕೂದಲಿಗೆ ನೀರು ಹಾಕಿ ಅಳೀಬೇಡ. ಒದ್ದೆಯಾದಾಗ ಅದು ಹೇಳೋದೆಲ್ಲ ಸುಳ್ಳು. ಒಣಗಿದ ಮೇಲೆ ಕೇಳು."

ನಾನು ನಕ್ಕು ಗಾಡಿ ಹತ್ತಿದೆ. ಪುಕ್ಕಟೆ ಸಿಕ್ಕಿದ ಮಾತು, ಗಂಡಸರ ಗಡ್ಡ ಹೆರೆದವರು ಹೆಂಗಸರ ಕೂದಲಿನ ವಿಷಯ ಏನು ಬಲ್ಲರು ಎಂದುಕೊಂಡೆ. ಜೀವನದಲ್ಲಿ ನಾನು ಕೇಳಿ ಪಡೆದ ಕೊಸರುಗಳಲ್ಲೆಲ್ಲ ಬೆಲೆಬಾಳುವುದು ಅದೊಂದೇ. ಅದನ್ನು ಇಪ್ಪತ್ತು ವರ್ಷ ಮೂಲೆಗೆಸೆದಿದ್ದೆ.

ಆರೇಳು ವರ್ಷದ ಹಿಂದಿನ ಮಾತು. ಹೊಳೆಹೊನ್ನೂರು ರಸ್ತೆಯಲ್ಲಿ ಮನೆ ಇದ್ದ ಸುಧಾ ಎಂಬ ಹೆಂಗಸು ತನ್ನ ಮಗಳು ಚೈತ್ರಾಳನ್ನು ಕರೆತಂದಳು. ಸುಧಾ ಶಿವಮೊಗ್ಗದ ಗಾರ್ಮೆಂಟ್ಸಿಗೆ ಹೋಗುವವಳು, ಗಂಡ ಇಲ್ಲ. ಬೆಳಗ್ಗೆ ಏಳಕ್ಕೆ ಮನೆ ಬಿಡುವವಳಿಗೆ ಮಗಳ ತಲೆ ಬಾಚಿ ಮುಗಿಸಲು ಪುರುಸೊತ್ತಿಲ್ಲ. ಚೈತ್ರಾಗೆ ಹನ್ನೆರಡು ವರ್ಷ. ಬೆರಳಿಗೆ ಸುತ್ತಿದ ದಾರದಂಥ ಕೂದಲು ಬೆನ್ನ ತುಂಬ ಇತ್ತು.

"ಎಷ್ಟು ಕತ್ತರಿಸಲಿ ಪುಟ್ಟಾ?"

"ಒಂದಿಂಚು ಆಂಟಿ. ಒಂದೇ ಇಂಚು."

"ಒಂದೇ ಇಂಚು, ಆಯ್ತು" ಎಂದು ಮಾತು ಕೊಟ್ಟೆ. ನೀರು ಚಿಮುಕಿಸಿ, ಬಾಚಿ, ಎಳೆದು ಹಿಡಿದಾಗ ಎಡ ಬಲ ಸರಿ ಬರಲಿಲ್ಲ. ಬಲಕ್ಕೆ ಸರಿ ಮಾಡಿದೆ. ಎಡ ಉದ್ದವಾಯಿತು. ಎಡಕ್ಕೆ ಸರಿ ಮಾಡಿದೆ. ರೊಟ್ಟಿ ಹಂಚಿಕೊಂಡ ಬೆಕ್ಕುಗಳ ಕಥೆಯ ಕೋತಿಯ ಹಾಗೆ ಎರಡೂ ಕಡೆ ಕಡಿಯುತ್ತಾ ಹೋದೆ. ಕತ್ತರಿ ಕೆಳಗಿಟ್ಟಾಗ ಒದ್ದೆ ಕೂದಲು ಭುಜದ ಮೇಲಿತ್ತು. ಒಣಗುತ್ತ ಒಣಗುತ್ತ, ಅವಳು ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆಯೇ, ಮೇಲೇರಿ ಕಿವಿಯ ಹತ್ತಿರ ನಿಂತಿತು. ಹುಡುಗಿ ಅಳಲಿಲ್ಲ. "ಒಂದಿಂಚು ಅಂದಿದ್ರಿ" ಎಂದಳು, ಅಷ್ಟೇ.

"ನಿನ್ನ ಕೂದಲೇ ಹಾಗೆ ಪುಟ್ಟಾ, ನಾನೇನು ಮಾಡಲಿ" ಎಂದೆ.

ಶಾಲೆಯಲ್ಲಿ ಅವಳಿಗೆ ಹೂಕೋಸು ಎಂದು ಹೆಸರು ಬಿತ್ತಂತೆ. ಅವತ್ತಿನಿಂದ ಅವಳು ತನ್ನ ತಲೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ತಾಯಿಗೂ ಬಾಚಣಿಗೆ ಕೊಡಲಿಲ್ಲ. ಮೇಲೆ ಮೇಲೆ ಕೈಯಾಡಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋಗುತ್ತಿದ್ದಳು. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ, ಸುಧಾ ಒಂದು ಬೆಳಗ್ಗೆ ಕೆಲಸಕ್ಕೆ ರಜೆ ಹಾಕಿ ನನ್ನ ಅಂಗಡಿ ಬಾಗಿಲು ತೆರೆಯುವ ಮೊದಲೇ ಬಂದು ನಿಂತಾಗ.

"ಸರೋಜಕ್ಕ, ಮಗಳಿಗೆ ಟೈಫಾಯಿಡ್ ಆಗಿ ಮೂರು ವಾರ ಮಲಗಿದ್ದಳು. ಎದ್ದಾಗ ಕತ್ತಿನ ಹಿಂದೆ ಕೂದಲು ಗಂಟುಗಟ್ಟಿ ಹಪ್ಪಳದ ಹಾಗೆ ಆಗಿದೆ. ನಮ್ಮತ್ತೆ ಜಡೆ ಬಂದಿದೆ ಅಂತಿದಾರೆ."

ಹೊಸಬರಿಗೆ ಈ ಮಾತು ಬಿಡಿಸಿ ಹೇಳಬೇಕು. ಕೂದಲು ತಾನಾಗಿ ಗಂಟುಗಟ್ಟಿದರೆ ಅದು ದೇವಿಯೇ ಬಂದು ನೆಲೆಸಿದ ಗುರುತು ಎಂದು ನಮ್ಮ ಕಡೆಯ ಹಳಬರ ನಂಬಿಕೆ. ಅದಕ್ಕೆ ಜಡೆ ಎನ್ನುತ್ತಾರೆ. ಬಾಚಣಿಗೆ, ಕತ್ತರಿ ಮುಟ್ಟಿಸಿದರೆ ಮನೆಗೆ ಕೇಡು. ಹುಡುಗಿ ಆಮೇಲೆ ಆ ದೇವಿ ಅಮ್ಮನ ಮಗಳು, ಮನೆಯ ಮಗಳಲ್ಲ. ಹಿಂದೆ ಹಾಗೆ ದೇವಿಗೆ ಬಿಟ್ಟ ಹುಡುಗಿಯರ ಬದುಕು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಸುಧಾಗೂ ಅದೇ ಭಯ.

"ಅಕ್ಕಪಕ್ಕದವರು ನಿಂಬೆಹಣ್ಣು ತಂದು ಭವಿಷ್ಯ ಕೇಳೋಕೆ ಶುರು ಮಾಡಿದಾರೆ ಅಕ್ಕ. ಹತ್ತನೇ ಕ್ಲಾಸು, ಶಾಲೆಗೆ ಕಳಿಸಲ್ಲ ಅಂತ ಅತ್ತೆ ಕೂತಿದಾರೆ. ಭಾನುವಾರ ಅವರು ಸಂತೆಗೆ ಹೋಗ್ತಾರೆ. ಆಗ ಬಂದು ಕತ್ತರಿಸಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಐದು ನಿಮಿಷದ ಕೆಲಸ. ಕೈ ಆಗಲೇ ಕತ್ತರಿಯ ಮೇಲಿತ್ತು. ಆದರೆ ಬಾಳೆಲ್ಲ ಚೌಕಾಸಿ ಮಾಡಿದ ತಲೆ ಬೇಡ ಎಂದಿತು. ಕದ್ದು ಕತ್ತರಿಸಿದರೆ ಆ ಮನೆಯಲ್ಲಿ ಮುಂದೆ ಒಂದು ಹಸುವಿನ ಹಾಲು ಬತ್ತಿದರೂ ಈ ಹುಡುಗಿಯ ತಲೆಗೇ ಬರುತ್ತದೆ. ಎದುರಿಗೆ ಕೂತು ಮಾತಾಡಿ ಮುಗಿಸದ ವ್ಯಾಪಾರ ಯಾವತ್ತಿದ್ದರೂ ತಿರುಗಿ ಬರುತ್ತದೆ.

"ನಿಮ್ಮತ್ತೆ ಮನೇಲಿರುವಾಗ್ಲೇ ಬರ್ತೀನಿ" ಎಂದೆ.

ಸುಧಾಳ ಅತ್ತೆಯ ಹೆಸರು ಹಾಲಮ್ಮ. ಒಣಗಿದ ಮೆಣಸಿನಕಾಯಿಯ ಹಾಗೆ ಸಣ್ಣ ಜೀವ, ಖಾರವೂ ಅಷ್ಟೇ. ಹಣೆಯವರೆಗೆ ಸೆರಗು ಹೊದ್ದು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು. ಚೈತ್ರಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕತ್ತಿನ ಹಿಂದೆ ಅಂಗೈಯಗಲದ ಗಂಟು, ಮೇಲೆ ಅರಿಶಿನ ಕುಂಕುಮ.

"ಕತ್ತರಿಯವಳು ಬಂದ್ಲಾ?" ಎಂದಳು ಹಾಲಮ್ಮ. "ಬಂದ ದಾರಿಗೆ ಸುಂಕ ಇಲ್ಲ, ಹೋಗವ್ವ."

"ಕತ್ತರಿ ತಂದಿಲ್ಲ ಅಜ್ಜಿ. ಕೈ ಮಾತ್ರ ತಂದಿದೀನಿ. ಒಂದು ಮಾತು ಕೇಳ್ಲಾ? ಅಮ್ಮ ನಿಜವಾಗಿ ಬಂದು ಕೂತಿದ್ರೆ ನನ್ನಂಥೋಳ ಬೆರಳಿಗೆ ಬಿಚ್ಚಿಕೊಳ್ತಾಳಾ?"

"ನಿನ್ನಂಥೋರು ನೂರು ಜನ ಬಂದ್ರೂ ಬಿಚ್ಚಲ್ಲ."

"ಮತ್ತೆ ನಾನು ಬೆರಳಾಡಿಸಿದ್ರೆ ನಿಮಗೇನು ನಷ್ಟ?"

ಹಾಲಮ್ಮ ಅಡಿಕೆ ಅಗಿಯುವುದು ನಿಲ್ಲಿಸಿದಳು. "ಬಾಯಿ ಜೋರಿದೆ. ಯಾರ ಮನೆ ಸೊಸೆ ನೀನು?"

"ಬಾಯಿ ಜೋರಿರೋರ ಮನೆ ಸೊಸೆ. ಕೇಳಿ ಅಜ್ಜಿ, ಬಾಚಣಿಗೆ ಇಲ್ಲ, ಕತ್ತರಿ ಇಲ್ಲ. ಬಿಚ್ಚಿದಷ್ಟು ಹುಡುಗಿ ಕೂದಲು, ಬಿಚ್ಚದಿದ್ದದ್ದು ಅಮ್ಮಂದು. ಹದಿನೈದು ದಿನ ಕೊಡಿ."

"ಮೂರು ದಿನ."

"ಮೂರು ದಿನಕ್ಕೆ ಹಿಟ್ಟು ಹುಳಿ ಬರುತ್ತೆ, ಗಂಟು ಬಿಚ್ಚುತ್ತಾ? ಹನ್ನೊಂದು."

"ಮಂಗಳವಾರ ಶುಕ್ರವಾರ ಮುಟ್ಟೋ ಹಾಗಿಲ್ಲ. ಅವು ಬಿಟ್ಟು ಏಳು ದಿನ. ಇನ್ನೊಂದು ದಿನ ಕೇಳಿದ್ರೆ ಅದೂ ಇಲ್ಲ."

"ಏಳು" ಎಂದೆ. ಏಳೇ ನನ್ನ ಮನಸ್ಸಿನಲ್ಲಿದ್ದದ್ದು. ಎಣ್ಣೆಯ ಬಗ್ಗೆ ಇನ್ನೊಂದು ಸುತ್ತು ಚೌಕಾಸಿ ನಡೆಯಿತು. ಶ್ಯಾಂಪೂ, ಕಂಡೀಷನರ್ ಒಳಗೆ ಬರುವ ಹಾಗಿಲ್ಲ ಎಂದಳು. ಹಾಗಾದರೆ ಕೊಬ್ಬರಿ ಎಣ್ಣೆ, ಹಿತ್ತಿಲಿನ ದಾಸವಾಳದ ಎಲೆ ಕಿವುಚಿದ ಲೋಳೆ ಎಂದೆ. ದಾಸವಾಳ ಅಮ್ಮನಿಗೆ ಪ್ರೀತಿ ಎಂದು ಒಪ್ಪಿದಳು. ದಾಸವಾಳದ ಲೋಳೆಗಿಂತ ಒಳ್ಳೆಯ ಕಂಡೀಷನರ್ ನಾನು ಇವತ್ತಿಗೂ ಕಂಡಿಲ್ಲ ಎಂಬುದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗೆ ಬೀಗ ಹಾಕಿ ಅಲ್ಲಿ ಹೋಗಿ ಕೂರುತ್ತಿದ್ದೆ. ಹುಡುಗಿ ಮುಂದೆ, ನಾನು ಹಿಂದೆ, ಹೊಸ್ತಿಲಲ್ಲಿ ಹಾಲಮ್ಮ ಕಾವಲು. ತೆಂಗಿನ ಗರಿಯ ಕಡ್ಡಿಯೊಂದನ್ನು ನಯವಾಗಿ ಹೆರೆದು ಇಟ್ಟುಕೊಂಡಿದ್ದೆ. ಗಂಟಿನ ಅಂಚಿನಿಂದ ಒಂದು ಎಳೆ ಹಿಡಿದು, ಕಡ್ಡಿ ತೂರಿಸಿ, ಲೋಳೆ ಹಚ್ಚಿ, ಸಡಿಲಿಸಿ, ಹೊರಗೆ ತೆಗೆಯಬೇಕು. ಮೊದಲ ದಿನ ಮೂರು ಗಂಟೆಯಲ್ಲಿ ಕಿರುಬೆರಳಿನಷ್ಟು ಕೂದಲು ಬಿಟ್ಟಿತು. ಕುಳಿತಲ್ಲಿ ನನಗೆ ಮೈಯೆಲ್ಲ ಇರುವೆ ಹರಿದಂತೆ ಆಗುತ್ತಿತ್ತು. ಬೇಗ ಬೇಗ ಮುಗಿಸಿ ಮುಂದಿನವರನ್ನು ಕೂರಿಸುವುದು ಕಲಿತ ಕೈ, ಒಂದೇ ಎಳೆಗೆ ಹತ್ತು ನಿಮಿಷ ಕೊಡು ಎಂದರೆ ಕೇಳುತ್ತದೆಯೇ? ಎರಡನೆಯ ದಿನ ತಡೆಯಲಾರದೆ ಜೋರಾಗಿ ಎಳೆದೆ. ಹುಡುಗಿ ಉಸಿರೆಳೆದುಕೊಂಡಳು. ಬಿಟ್ಟದ್ದೂ ಮತ್ತೆ ಸಿಕ್ಕಿಕೊಂಡಿತು.

"ಅಮ್ಮ ಬಿಡ್ತಿಲ್ಲ" ಎಂದಳು ಹೊಸ್ತಿಲಿನಿಂದ ಹಾಲಮ್ಮ, ಖುಷಿಯೋ ದುಃಖವೋ ಗೊತ್ತಾಗದ ದನಿಯಲ್ಲಿ.

"ಅಮ್ಮ ಅಲ್ಲ ಅಜ್ಜಿ, ನನ್ನ ಅವಸರ."

ಮೂರನೆಯ ದಿನ ಚೈತ್ರಾ ಮೊದಲ ಸಲ ಬಾಯಿ ಬಿಟ್ಟಳು. ಗೋಡೆ ನೋಡುತ್ತಲೇ ಹೇಳಿದಳು. "ಆಂಟಿ, ಅವತ್ತು ನೀವು ಎಳೆದು ಅಳತೆ ಮಾಡಿದ್ರಿ."

"ಯಾವತ್ತು?" ಎಂದೆ, ಗೊತ್ತಿದ್ದೂ.

ಅವಳು ಬಿಡಿಸಿದ ಕೂದಲಿನಿಂದ ಒಂದು ಸುರುಳಿ ಹಿಡಿದು ಎಳೆದಳು. ಅದು ಬೆನ್ನಿನ ಅರ್ಧಕ್ಕೆ ಬಂತು. ಬಿಟ್ಟಳು. ಭುಜದ ಮೇಲೆ ಹೋಗಿ ಕೂತಿತು. "ಎಳೆದ್ರೆ ಇಲ್ಲಿ, ಬಿಟ್ರೆ ಇಲ್ಲಿ. ನಾನು ಒಂದಿಂಚು ಅಂದಿದ್ದು ಬಿಟ್ಟಾಗಿಂದು ಆಂಟಿ. ನಾನು ಎಳೆದುಕೊಂಡು ಓಡಾಡ್ತೀನಾ?"

ಹೊಳೆಹೊನ್ನೂರಿನ ಮುದುಕ ನೆನಪಾದರು. ಕೊಸರು ಎಂದು ಕೊಟ್ಟದ್ದನ್ನೇ ಈ ಹುಡುಗಿ ಮತ್ತೆ ಕೈಗಿಡುತ್ತಿದ್ದಳು. ಒಣಗಿದ ಗುಂಗುರು ಕೂದಲನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ಬಲಗಡೆಯ ಸುರುಳಿ ಪೆನ್ಸಿಲಿನಷ್ಟು ಸಣ್ಣದು, ಎಡಗಡೆಯದು ಬಳೆಯಂತೆ ಅಗಲ. ಕಿವಿಯ ಹಿಂದಿನದು ಸುರುಳಿಯೇ ಅಲ್ಲ, ಬರೀ ಅಲೆ. ಒಂದೇ ತಲೆಯಲ್ಲಿ ಮೂರು ಥರ. ಇವನ್ನೆಲ್ಲ ಒದ್ದೆ ಮಾಡಿ ಒಂದೇ ಗೆರೆಯಲ್ಲಿ ಕತ್ತರಿಸಿ, ಸರಿ ಬರಲಿಲ್ಲ ಎಂದರೆ ಸರಿ ಬರುವುದು ಹೇಗೆ? ಉಸ್ಸ್ ಎಂದು ಎಷ್ಟು ತಲೆಗಳ ಮೇಲೆ ತಪ್ಪು ಹೊರಿಸಿದ್ದೆನೋ.

"ತಪ್ಪು ನಂದು ಚೈತ್ರಾ" ಎಂದೆ. "ನಿನ್ನ ಕೂದಲಿಂದಲ್ಲ."

ಹುಡುಗಿ ಕತ್ತು ಸ್ವಲ್ಪ ಬಾಗಿಸಿ ಕೊಟ್ಟಳು, ನನ್ನ ಕೈಗೆ ಅನುಕೂಲವಾಗುವ ಹಾಗೆ.

ಆರನೆಯ ದಿನದ ಹೊತ್ತಿಗೆ ಅಂಗೈಯಷ್ಟಿದ್ದದ್ದು ಅಡಿಕೆಯಷ್ಟಾಯಿತು. ನಿಂಬೆಹಣ್ಣಿನವರು ಬರುವುದು ನಿಂತಿತು. ಹಾಲಮ್ಮ ಹೊಸ್ತಿಲಿನಿಂದ ಒಳಗೆ ಬಂದು ಪಕ್ಕದಲ್ಲೇ ಕೂರತೊಡಗಿದ್ದಳು. ಏಳನೆಯ ದಿನ ಐದು ಗಂಟೆಗೆ ಕಡಲೆಕಾಳಿನಷ್ಟು ಒಂದು ಗಂಟು ಉಳಿಯಿತು. ಎಷ್ಟು ಮಾಡಿದರೂ ಬಿಚ್ಚಲಿಲ್ಲ. ಅಷ್ಟರಲ್ಲಿ ಹಿತ್ತಿಲಿನಲ್ಲಿ ಹಸು ಕೂಗಿತೆಂದು ಹಾಲಮ್ಮ ಎದ್ದು ಹೋದಳು.

ಕತ್ತರಿ ತಂದಿಲ್ಲ ಎಂದಿದ್ದೆನಲ್ಲ, ಅದು ಮೊದಲ ದಿನದ ಮಾತು. ಈ ಏಳನೆಯ ದಿನ ಹುಬ್ಬು ತಿದ್ದುವ ಪುಟ್ಟ ಕತ್ತರಿ ನನ್ನ ಸೊಂಟದಲ್ಲಿತ್ತು. ಎರಡು ಎಳೆ ಚಿಟುಕಿಸಿದರೆ ಸಾಕು, ಗಂಟು ಬಿಟ್ಟುಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಕತ್ತರಿ ಹೊರಗೆ ಬಂತು. ಆ ಸಣ್ಣ ಸದ್ದು ಹುಡುಗಿಗೆ ಗೊತ್ತಾಯಿತು. ಹಿಂದೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು.

"ಬೇಡ ಆಂಟಿ."

"ಕಡಲೆಕಾಳಿನಷ್ಟಿದೆ ಮಾರಾಯ್ತಿ. ಇದೊಂದು ಹೋದ್ರೆ ನೀನು ಪೂರ್ತಿ ಬಚಾವ್."

"ಬಿಚ್ಚದಿದ್ದದ್ದು ಅಮ್ಮಂದು ಅಂತ ಅಜ್ಜಿಗೆ ಹೇಳಿದೀರಲ್ಲ." ಮಣಿಕಟ್ಟು ಬಿಡದೆ ಮೆಲ್ಲಗೆ ಹೇಳಿದಳು. "ಒಂದಿಂಚು ಅಂತಾನೂ ಹೇಳಿದ್ರಿ."

ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಹಾಲಮ್ಮ ಬಂದಾಗ ಗಂಟು ತೋರಿಸಿ, "ಇದು ಬಿಚ್ಚಲಿಲ್ಲ ಅಜ್ಜಿ, ನಾನು ಸೋತೆ" ಎಂದೆ. ಮುದುಕಿ ಅದನ್ನು ಬೆರಳಿನಲ್ಲಿ ಹಿಡಿದು ನೋಡಿದಳು. ನನ್ನ ಮುಖ ನೋಡಿದಳು. ಸೊಂಟದ ಕಡೆ ನೋಡಿದಳೋ ಏನೋ, ಅದು ನನಗೆ ಇವತ್ತಿಗೂ ಅನುಮಾನ.

"ಇಷ್ಟೇ ಸಾಕು ಅಮ್ಮನಿಗೆ" ಎಂದಳು. "ಇಷ್ಟಕ್ಕೆ ಹುಡುಗೀನ ಮನೇಲಿ ಕೂರಿಸೋದೇನು? ಸೋಮವಾರದಿಂದ ಶಾಲೆಗೆ ಹೋಗ್ಲಿ. ತುದಿ ಬೇಕಾದ್ರೆ ಕತ್ತರಿಸ್ಕೊಳ್ಳಿ. ಆ ಗಂಟು ಮುಟ್ಟಬಾರದು."

ಸುಧಾ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಳು. ಚಹಾ ಕುದಿದು ಚೆಲ್ಲಿ ಒಲೆ ಆರಿತು.

ಅಲ್ಲಿಂದ ನನ್ನ ಅಂಗಡಿಯ ಪದ್ಧತಿ ಬದಲಾಯಿತು. ಗುಂಗುರು ಕೂದಲಿನವರಿಗೆ ನೀರಿನ ಬಾಟಲಿ ಮುಟ್ಟುವುದಿಲ್ಲ. ಒಣಗಿದ ಕೂದಲು, ಅವರು ದಿನವೂ ಹೇಗೆ ಬಿಟ್ಟುಕೊಳ್ಳುತ್ತಾರೋ ಹಾಗೆ ಬಿಟ್ಟುಕೊಂಡು ಬರಬೇಕು. ಒಂದೊಂದು ಸುರುಳಿಯನ್ನೂ ಅದು ಕೂತ ಜಾಗದಲ್ಲೇ, ಎಳೆಯದೆ, ತುದಿ ಕತ್ತರಿಸುವುದು. ಒಂದು ತಲೆಗೆ ಒಂದೂವರೆ ಗಂಟೆ. ಈಗ ಮೊಬೈಲಿನಲ್ಲಿ ಇದನ್ನೇ ದೊಡ್ಡ ವಿದ್ಯೆ ಎಂದು ತೋರಿಸುತ್ತಾರೆ, ನೋಡಿ ಕಲಿಯಿರಿ, ತಪ್ಪೇನಿಲ್ಲ. ಆದರೆ ನನ್ನಿಂದ ಎರಡು ಮಾತು ಇಟ್ಟುಕೊಳ್ಳಿ. ಗಿರಾಕಿ ಒಂದಿಂಚು ಎಂದರೆ ಕತ್ತರಿ ಎತ್ತುವ ಮೊದಲು ಅವಳ ಬೆರಳಿನಲ್ಲೇ ಅದನ್ನು ತೋರಿಸಲು ಹೇಳಿ. ಎಡ ಬಲ ಸರಿ ಬರಲಿಲ್ಲ ಎಂದು ಮತ್ತೆ ಕತ್ತರಿಸಬೇಡಿ, ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಮುಕ್ಕಾಲು ಪಾಲು ಸಲ ವಾಪಸ್ ಬಂದು ನೋಡಿದಾಗ ಸರಿಯಾಗಿಯೇ ಇರುತ್ತದೆ. ವಕ್ರವಾಗಿದ್ದದ್ದು ನಿಮ್ಮ ಅವಸರ.

ಚೈತ್ರಾ ನಾಲ್ಕೈದು ತಿಂಗಳಿಗೊಮ್ಮೆ ಬರುತ್ತಿದ್ದಳು. ಹತ್ತನೇ ಕ್ಲಾಸು ಪಾಸಾಗಿ ಕಾಲೇಜಿಗೆ ಸೇರಿದಳು. ಪ್ರತಿ ಸಲ ಒಂದೇ ಇಂಚು. ಕೂದಲು ಬೆಳೆದ ಹಾಗೆ ಬುಡದ ಹತ್ತಿರವಿದ್ದ ಗಂಟು ಕೆಳಗಿಳಿಯುತ್ತಾ ಬಂತು. ತುದಿ ಕಡಿಮೆಯಾದ ಹಾಗೆ ನನ್ನ ಕತ್ತರಿ ಅದರ ಹತ್ತಿರ ಹತ್ತಿರ ಹೋಯಿತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಅಂಗಡಿ ಮುಚ್ಚುವ ವರ್ಷ ಅವಳು ಬಂದು ಕೂತಾಗ ನೋಡುತ್ತೇನೆ, ಗಂಟು ತುದಿಯಿಂದ ಅರ್ಧ ಇಂಚಿನಲ್ಲಿದೆ. ಕತ್ತರಿ ಕೆಳಗಿಟ್ಟೆ.

"ಇಲ್ಲಿಂದ ಮುಂದೆ ನನಗೆ ಅಧಿಕಾರ ಇಲ್ಲ. ನಿಮ್ಮಜ್ಜೀನ ಕರ್ಕೊಂಡು ಬಾ."

ಮಾರನೆಯ ದಿನವೇ ಹಾಲಮ್ಮ ಆಟೋದಲ್ಲಿ ಬಂದಿಳಿದಳು. ಪಾರ್ಲರಿನೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕನ್ನಡಿ, ಬಾಟಲಿ, ಗೋಡೆಯ ಮೇಲಿನ ಹುಡುಗಿಯರ ಚಿತ್ರ ಎಲ್ಲವನ್ನೂ ಅನುಮಾನದಿಂದ ನೋಡಿದಳು. ಆಮೇಲೆ ಮೊಮ್ಮಗಳ ಹಿಂದೆ ನಿಂತು ಆ ಗಂಟನ್ನು ಬೆರಳಿಗೆ ತೆಗೆದುಕೊಂಡಳು. ಚೈತ್ರಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಸುಮ್ಮನಿರಲಾರದೆ ಬಾಚಣಿಗೆಯ ಹಲ್ಲು ಎಣಿಸುತ್ತಿತ್ತು.

"ಮೇಲಿದ್ದೋಳು ತಾನಾಗೇ ಇಷ್ಟು ಕೆಳಗೆ ಇಳಿದು ಬಂದಿದಾಳೆ" ಎಂದಳು ಹಾಲಮ್ಮ ಕೊನೆಗೆ. "ಬಾಗಿಲವರೆಗೂ ಹೊರಟೋಳನ್ನ ತಡೆದು ನಿಲ್ಲಿಸಬಾರದು. ಎಷ್ಟು ಕತ್ತರಿಸ್ತೀಯ?"

"ಒಂದಿಂಚು."

"ತೋರಿಸು."

ಸುರುಳಿಯನ್ನು ಎಳೆಯದೆ, ಅದು ಕೂತಲ್ಲೇ ಬೆರಳಿಟ್ಟು ತೋರಿಸಿದೆ. ಮುದುಕಿ ಬಗ್ಗಿ ನೋಡಿ ತಲೆಯಾಡಿಸಿದಳು. ಕತ್ತರಿಸಿದೆ. ಕಡಲೆಕಾಳಿನಷ್ಟಿದ್ದ ಗಂಟು ಅವಳು ಒಡ್ಡಿದ ಸೆರಗಿಗೆ ಬಿತ್ತು. ಅರಿಶಿನ ಹಚ್ಚಿದ ಬಟ್ಟೆಯೊಂದನ್ನು ಮನೆಯಿಂದಲೇ ತಂದಿದ್ದಳು. ಹೊಳೆಗೆ ಬಿಡಲು ಅದರಲ್ಲಿ ಕಟ್ಟಿಕೊಂಡಳು. ಚೈತ್ರಾ ಕತ್ತಿನ ಹಿಂದೆ ಕೈ ಹಾಕಿ ಹುಡುಕಿದಳು, ಸಿಗಲಿಲ್ಲ, ಮತ್ತೆ ಹುಡುಕಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಕೆಲಸ ಮುಗಿಯಿತೆಂದು ನಾನು ಬಟ್ಟೆ ಕೊಡವುತ್ತಿದ್ದೆ. ಹಾಲಮ್ಮ ಹೊರಡಲಿಲ್ಲ.

"ಇನ್ನೇನು ಅಜ್ಜಿ?"

"ಕೊಸರು ಕೊಡಲ್ವೇನೆ? ಚೌಕಾಸಿ ಮಾಡೋಕೆ ನಿನಗೊಬ್ಬಳಿಗೇ ಬರುತ್ತೆ ಅಂತ ತಿಳ್ಕೊಂಡಿದೀಯಾ?"

ಮೊಮ್ಮಗಳನ್ನು ಎಬ್ಬಿಸಿ ಹೊಳೆಹೊನ್ನೂರಿನ ಕುರ್ಚಿಗೆ ತಾನೇ ಹತ್ತಿದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬಾಗಿಲು ಹಾಕಲು ಹೇಳಿ, ಹಣೆಯವರೆಗಿದ್ದ ಸೆರಗನ್ನು ಹಿಂದಕ್ಕೆ ತಳ್ಳಿ, ಬಿಗಿದು ಕಟ್ಟಿದ ತುರುಬಿನ ಪಿನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಿಳಿಯ ಕೂದಲು ಬಿಚ್ಚಿಕೊಂಡು ಭುಜದ ಸುತ್ತ ಎದ್ದು ನಿಂತಿತು. ಬಲಗಡೆ ಪೆನ್ಸಿಲಿನಷ್ಟು ಸಣ್ಣ ಸುರುಳಿ, ಎಡಗಡೆ ಬಳೆಯಷ್ಟು ಅಗಲ.

ಅಭ್ಯಾಸಬಲದಿಂದ ನನ್ನ ಕೈ ನೀರಿನ ಬಾಟಲಿಯ ಕಡೆ ಹೋಯಿತು. ಕನ್ನಡಿಯಲ್ಲಿ ಹಾಲಮ್ಮ ಅದನ್ನು ನೋಡಿಬಿಟ್ಟಳು.

"ಒಂದೇ ಇಂಚು" ಎಂದಳು. "ಎಳೀಬೇಡ."